ನೆಲೆಯೂ ಸಾಕ್ಷ್ಯವೂ: ತಾತ್ಕಾಲಿಕ ವಾಸಾನುಮತಿಯ ಶಾಸನಗಳ ಒಂದು ವಿಮರ್ಶೆ

೧

ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ಯದೇಶದಿಂದ ಬಂದವನು ಎಂಬುದು ಒಂದು. ದಿಕ್ಕಿಲ್ಲದವನು, ಕೇಳುವವರಿಲ್ಲದವನು ಎಂಬುದು ಇನ್ನೊಂದು. ಬಳಕೆಯಲ್ಲಿ ಎರಡನೆಯ ಅರ್ಥವೇ ಹೆಚ್ಚು. ತನ್ನ ನಾಡನ್ನು ಬಿಟ್ಟವನಿಗೆ ನಿಲ್ಲಲು ನೆಲೆಯಿಲ್ಲ, ನೆಲೆಯಿಲ್ಲದವನ ಮಾತನ್ನು ಕೇಳುವವರಿಲ್ಲ ಎಂಬ ಅನುಭವವನ್ನು ಜನರು ಒಂದೇ ಶಬ್ದದಲ್ಲಿ ಕೂಡಿಸಿಟ್ಟಿದ್ದಾರೆ. ಈ ಎರಡು ಅರ್ಥಗಳೂ ಒಬ್ಬನೇ ವ್ಯಕ್ತಿಯಲ್ಲಿ ಸೇರಿದಾಗ ರಾಜ್ಯದ ಶಾಸನವು ಏನು ಹೇಳುತ್ತದೆ ಎಂಬುದು ಪ್ರಕೃತ ಲೇಖನದ ವಿಷಯ.

ಮೋಸದಿಂದಲೋ ಬಲಾತ್ಕಾರದಿಂದಲೋ ಸಾಲದ ಪಾಶದಿಂದಲೋ ಗಡಿ ದಾಟಿಸಿ ತಂದು ದುಡಿಸಿಕೊಂಡ ಮನುಷ್ಯನೊಬ್ಬನು ಒಂದು ದಿನ ಬಿಡುಗಡೆ ಹೊಂದಿದನು ಎಂದಿಟ್ಟುಕೊಳ್ಳೋಣ. ಅವನನ್ನು ತಂದವರು ಅಪರಾಧಿಗಳು. ಆದರೆ ಅನುಮತಿಯಿಲ್ಲದೆ ಆ ದೇಶದಲ್ಲಿದ್ದ ಕಾರಣ ಅವನೂ ಕಾಯಿದೆಯ ಕಣ್ಣಿಗೆ ಅಪರಾಧಿಯೇ. ಅವನನ್ನು ಕೂಡಲೇ ಸ್ವದೇಶಕ್ಕೆ ಕಳುಹಿಸಿದರೆ ಅನ್ಯಾಯ ಮಾಡಿದವರ ವಿರುದ್ಧ ನುಡಿಯುವವರೇ ಇರುವುದಿಲ್ಲ; ಅಷ್ಟೇ ಅಲ್ಲದೆ, ಮೊದಲು ಅವನನ್ನು ಮಾರಿದವರ ಕೈಗೇ ಅವನು ಮತ್ತೆ ಸಿಕ್ಕಬಹುದು. ಈ ತೊಡಕನ್ನು ಬಿಡಿಸುವ ಸಲುವಾಗಿ ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಿಂದೀಚೆಗೆ ಹಲವು ರಾಜ್ಯಗಳು ಇಂತಹವರಿಗಾಗಿಯೇ ತಾತ್ಕಾಲಿಕ ವಾಸಾನುಮತಿಯನ್ನು, ಎಂದರೆ ಒಂದು ವಿಶೇಷ ವೀಸಾವನ್ನು, ಏರ್ಪಡಿಸಿವೆ.

ಈ ಏರ್ಪಾಡನ್ನು ಕರುಣೆಯ ಕಾರ್ಯವೆಂದು ಹೊಗಳುವುದು ವಾಡಿಕೆ. ಹೊಗಳಿಕೆಗೆ ಯೋಗ್ಯವಾದ ಅಂಶಗಳು ಅದರಲ್ಲಿ ಇಲ್ಲದಿಲ್ಲ. ಆದರೆ ಹೊಗಳುವ ಮುನ್ನ ಓದುವುದು ಕ್ರಮ. ನಮ್ಮ ವಿದ್ಯಾಭ್ಯಾಸದಲ್ಲಿ ಶಾಸನವೆಂದರೆ ಕಲ್ಲಿನ ಇಲ್ಲವೆ ತಾಮ್ರಪಟದ ಬರಹ. ಅದರಲ್ಲಿ ದಾನವೊಂದು ಹೇಳಿದ್ದರೆ, ಕೊಟ್ಟವರಾರು, ಪಡೆದವರಾರು, ಯಾವ ಕಾರಣಕ್ಕಾಗಿ, ಎಷ್ಟು ಕಾಲಕ್ಕಾಗಿ ಎಂಬ ನಾಲ್ಕು ಪ್ರಶ್ನೆಗಳನ್ನು ನಾವು ಕೇಳುತ್ತೇವೆ. ಇಂದಿನ ಕಾಯಿದೆಯೂ ಶಾಸನವೇ. ಅದಕ್ಕೂ ಇದೇ ಪ್ರಶ್ನೆಗಳನ್ನು ಹಾಕಿ ಉತ್ತರವನ್ನು ಪಡೆಯುವುದು ಇಲ್ಲಿಯ ಉದ್ದೇಶ. ಮುಖ್ಯವಾಗಿ ಮೂರನೆಯ ಪ್ರಶ್ನೆಯನ್ನು, ಎಂದರೆ ಯಾವ ಕಾರಣಕ್ಕಾಗಿ ಈ ನೆಲೆಯನ್ನು ಕೊಡಲಾಗುತ್ತದೆ ಎಂಬುದನ್ನು, ಪರಾಮರ್ಶಿಸಬೇಕಾಗಿದೆ.

೨

ದೂರದೇಶಗಳ ಈ ಶಾಸನಗಳನ್ನು ಕೊಡಗಿನ ಬಾಳೆಲೆಯಲ್ಲಿ ಕುಳಿತು ಓದುವುದಕ್ಕೆ ಕಾರಣವುಂಟು. ದಾಸ್ಯಕ್ಕೂ ನೆಲೆಗೂ ಇರುವ ಸಂಬಂಧವನ್ನು ಈ ಸೀಮೆಯ ಚರಿತ್ರೆಯು ಬಲು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ಬಾಳೆಲೆಯು ದಕ್ಷಿಣ ಕೊಡಗಿನ ಊರು. ಮೊದಲು ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಲಕ್ಷ್ಮಣತೀರ್ಥದ ಬಯಲು, ನಡುವೆ ಕಾಫಿ, ಮೆಣಸು, ಬತ್ತ. ಈ ತೋಟಗದ್ದೆಗಳಲ್ಲಿ ತಲೆಮಾರುಗಳಿಂದ ದುಡಿದವರು ಎರವರು, ಪಣಿಯರು, ಜೇನುಕುರುಬರು, ಬೆಟ್ಟಕುರುಬರು ಮತ್ತು ಹೊಲೆಯರೆಂದು ಕರೆಯಲ್ಪಟ್ಟವರು. ರಾಜರ ಕಾಲದ ಕೊಡಗಿನಲ್ಲಿ ಆಳುಗಳಲ್ಲಿ ಎರಡು ಬಗೆಯಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಬರಹಗಾರರು ದಾಖಲಿಸಿದ್ದಾರೆ: ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು. ಮೊದಲನೆಯವನು ಭೂಮಿಗೆ ಅಂಟಿದವನು; ಭೂಮಿಯೊಡನೆ ಮಾತ್ರ ಅವನ ಒಡೆತನ ಬದಲಾಗುತ್ತಿತ್ತು. ಎರಡನೆಯವನು ಮನೆತನದ ಸೊತ್ತು. ಅವನನ್ನು ಮಾರಬಹುದಾಗಿತ್ತು, ಒತ್ತೆಯಿಡಬಹುದಾಗಿತ್ತು.

ಈ ವಿಂಗಡಣೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಆಳಿನ ಸ್ಥಿತಿಯನ್ನು ಅವನು ಮಾಡುವ ಕೆಲಸದಿಂದ ಹೇಳಿಲ್ಲ, ಪಡೆಯುವ ಕೂಲಿಯಿಂದಲೂ ಹೇಳಿಲ್ಲ. ಅವನು ಎಲ್ಲಿಗೆ ಸೇರಿದವನು ಎಂಬುದರಿಂದ ಹೇಳಿದೆ. ತನಗೆ ಸೇರಿದ ಸ್ಥಳವಿಲ್ಲದೆ, ತಾನೇ ಒಂದು ಸ್ಥಳಕ್ಕೆ ಇಲ್ಲವೆ ಒಂದು ಮನೆತನಕ್ಕೆ ಸೇರಿದವನಾಗುವುದೇ ಇಲ್ಲಿ ದಾಸ್ಯದ ಲಕ್ಷಣ.

೧೮೩೪ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ೧೮೪೩ರ ಐದನೆಯ ಕಾಯಿದೆಯು ದಾಸ್ಯವೆಂಬ ಸಂಬಂಧವನ್ನು ನ್ಯಾಯಾಲಯಗಳು ಮಾನ್ಯ ಮಾಡಬಾರದೆಂದು ವಿಧಿಸಿತು. ಜಮ್ಮದ ಆಳು ಎಂಬ ಹೆಸರು ಕಾಗದದಿಂದ ಅಳಿಯಿತು. ಆದರೆ ಕಾಫಿತೋಟಗಳು ಹಬ್ಬಿದಂತೆ ಮುಂಗಡದ ಸಾಲ, ಮೇಸ್ತ್ರಿಯ ಲೆಕ್ಕ, ತೋಟದೊಳಗಿನ ಲೈನ್ ಮನೆ ಇವು ಬಂದವು. ಲೈನ್ ಮನೆಯು ದುಡಿಮೆಗಾರನಿಗೆ ಸೂರು ಕೊಡುತ್ತದೆ. ಅನೇಕ ಮಾಲಿಕರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಕಟ್ಟಿಸಿದ್ದಾರೆ. ಆದರೆ ಅದು ದುಡಿಮೆ ಇರುವವರೆಗಿನ ಸೂರು. ಕೂಲಿಯ ವಿಷಯದಲ್ಲಿ ಮಾತೆತ್ತಿದವನು ಅದೇ ಸಂಜೆ ಹೆಂಡತಿಮಕ್ಕಳೊಡನೆ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ಸೂರನ್ನು ಕೊಡುವ ಕೈಯೂ ದುಡಿಸಿಕೊಳ್ಳುವ ಕೈಯೂ ಒಂದೇ ಆದಾಗ ಬಾಯಿ ತಾನಾಗಿ ಕಟ್ಟಿಹೋಗುತ್ತದೆ. ಅದಕ್ಕೆ ಸರಪಳಿ ಬೇಕಾಗಿಲ್ಲ.

ಇದು ಹಳೆಯ ಮಾತೆಂದು ತಳ್ಳಿಹಾಕುವಂತಿಲ್ಲ. ೨೦೧೬ರಲ್ಲಿ ಇದೇ ದಕ್ಷಿಣ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳು ಗುಡಿಸಲು ಕಟ್ಟಿಕೊಂಡವು. ಅವರಲ್ಲಿ ಬಹುಮಂದಿ ತೋಟಗಳ ಲೈನ್ ಮನೆಗಳಿಂದ ಹೊರಬಂದವರು. ಆ ವರ್ಷದ ಡಿಸೆಂಬರಿನಲ್ಲಿ ಅರಣ್ಯಭೂಮಿಯೆಂಬ ಕಾರಣದಿಂದ ಆ ಗುಡಿಸಲುಗಳನ್ನು ಕೆಡವಲಾಯಿತು. ದೀರ್ಘ ಹೋರಾಟದ ತರುವಾಯ ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದೆಡೆ ಪುನರ್ವಸತಿ ಕಲ್ಪಿಸಲಾಯಿತು. ಅವರು ಕೇಳಿದುದು ಹೆಚ್ಚಿನ ಕೂಲಿಗಿಂತ ಮೊದಲಾಗಿ, ಯಾರ ಹಂಗಿಗೂ ಒಳಗಾಗದ ಒಂದು ನೆಲೆಯನ್ನು. ಕಾಯಿದೆಯ ಪಂಡಿತರು ತಡವಾಗಿ ಕಂಡುಕೊಂಡ ತತ್ವವನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು: ಬಿಡುಗಡೆಯ ಮೊದಲ ಹೆಜ್ಜೆ ನಿಲ್ಲಲು ಜಾಗ. ಈ ಅಳತೆಗೋಲನ್ನು ಕೈಯಲ್ಲಿ ಹಿಡಿದು ಈಗ ವಾಸಾನುಮತಿಯ ಶಾಸನಗಳ ಕಡೆಗೆ ತಿರುಗೋಣ.

೩

ಮಾನವ ಕಳ್ಳಸಾಗಣೆಯನ್ನು ಕುರಿತ ವಿಶ್ವಸಂಸ್ಥೆಯ ಒಪ್ಪಂದವು ೨೦೦೦ದ ನವೆಂಬರಿನಲ್ಲಿ ಅಂಗೀಕೃತವಾಯಿತು. ಪಲೆರ್ಮೊ ಒಪ್ಪಂದವೆಂದು ಇದು ಪ್ರಸಿದ್ಧ. ಭಾರತವು ೨೦೦೨ರಲ್ಲಿ ಇದಕ್ಕೆ ಸಹಿ ಮಾಡಿ ೨೦೧೧ರಲ್ಲಿ ಸ್ಥಿರೀಕರಿಸಿತು. ಇದರ ಐದನೆಯ ಅನುಚ್ಛೇದದಂತೆ ಪ್ರತಿಯೊಂದು ರಾಜ್ಯವೂ ಈ ಕೃತ್ಯವನ್ನು ಅಪರಾಧವೆಂದು ವಿಧಿಸತಕ್ಕದ್ದು. ಏಳನೆಯ ಅನುಚ್ಛೇದದಂತೆ, ಬಾಧಿತರನ್ನು ಯೋಗ್ಯ ಪ್ರಸಂಗಗಳಲ್ಲಿ ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ತನ್ನಲ್ಲಿ ಉಳಿಯಗೊಡುವ ಕ್ರಮಗಳನ್ನು ಕೈಗೊಳ್ಳುವ ವಿಷಯವನ್ನು ಪ್ರತಿಯೊಂದು ರಾಜ್ಯವೂ ಪರಿಶೀಲಿಸತಕ್ಕದ್ದು. ಎರಡು ಕಡೆಯೂ ‘ತಕ್ಕದ್ದು’ ಎಂಬ ವಿಧಿಪ್ರತ್ಯಯವಿದೆ; ಆದರೆ ಒಂದು ಕಡೆ ಅದು ‘ವಿಧಿಸು’ ಎಂಬ ಕ್ರಿಯೆಗೂ ಇನ್ನೊಂದು ಕಡೆ ‘ಪರಿಶೀಲಿಸು’ ಎಂಬ ಕ್ರಿಯೆಗೂ ಹತ್ತಿದೆ. ಪರಿಶೀಲಿಸಿ ಸುಮ್ಮನಾದ ರಾಜ್ಯವೂ ಒಪ್ಪಂದವನ್ನು ಪಾಲಿಸಿದಂತೆಯೇ. ಶಿಕ್ಷಿಸುವಲ್ಲಿ ಬಿಗಿ, ನೆಲೆಗೊಳಿಸುವಲ್ಲಿ ಸಡಿಲ: ಈ ಶಾಸನಸಮುದಾಯದ ಸ್ವಭಾವವು ಮೂಲಗ್ರಂಥದಲ್ಲಿಯೇ ಹೀಗೆ ಗೋಚರಿಸುತ್ತದೆ.

ಅಮೆರಿಕ ಸಂಯುಕ್ತ ಸಂಸ್ಥಾನವು ಅದೇ ೨೦೦೦ದ ಅಕ್ಟೋಬರಿನಲ್ಲಿ ಮಾಡಿದ ಕಾಯಿದೆಯು ‘ಟಿ ವೀಸಾ’ ಎಂಬುದನ್ನು ಹುಟ್ಟಿಸಿತು. ಇದರಿಂದ ಸಾಮಾನ್ಯವಾಗಿ ನಾಲ್ಕು ವರ್ಷಗಳವರೆಗೆ ವಾಸವೂ ಕೆಲಸ ಮಾಡುವ ಹಕ್ಕೂ ದೊರೆಯುತ್ತವೆ. ಮುಂದೆ ಶಾಶ್ವತ ವಾಸಕ್ಕೆ ಅರ್ಜಿ ಹಾಕುವ ದಾರಿಯೂ ಉಂಟು. ಇದು ಸಣ್ಣ ಉಪಕಾರವಲ್ಲ. ಆದರೆ ಷರತ್ತುಗಳನ್ನು ನೋಡಬೇಕು. ಅರ್ಜಿದಾರನು ಘೋರಸ್ವರೂಪದ ಸಾಗಣೆಗೆ ಒಳಗಾಗಿರಬೇಕು. ತನಿಖಾಧಿಕಾರಿಗಳ ಯುಕ್ತವಾದ ಕೋರಿಕೆಗಳಿಗೆ ಸಹಕರಿಸಿರಬೇಕು. ಹಿಂದಿರುಗಿಸಿದರೆ ಅಸಾಧಾರಣವಾದ ಕಷ್ಟಕ್ಕೆ ಗುರಿಯಾಗುವನೆಂದು ತೋರಿಸಬೇಕು. ಹದಿನೆಂಟು ವರ್ಷ ತುಂಬದವರಿಗೂ ಆಘಾತದಿಂದ ಸಹಕರಿಸಲಾರದವರಿಗೂ ಸಹಕಾರದ ಷರತ್ತಿನಿಂದ ವಿನಾಯಿತಿಯಿದೆ. ವರ್ಷವೊಂದಕ್ಕೆ ೫,೦೦೦ ಮಂದಿಗೆ ಎಂಬ ಮಿತಿಯೂ ಇದೆ. ಮೊದಲ ಎರಡು ದಶಕಗಳಲ್ಲಿ ಒಮ್ಮೆಯೂ ಆ ಮಿತಿ ತುಂಬಲಿಲ್ಲ. ಬಾಗಿಲು ಅಗಲವಾಗಿದ್ದರೂ ಹೊಸ್ತಿಲು ಎತ್ತರವಾಗಿತ್ತು ಎಂದೇ ಇದರ ಅರ್ಥ.

ಯೂರೋಪ್ ಒಕ್ಕೂಟದ ೨೦೦೪ರ ನಿರ್ದೇಶವು ಇನ್ನೂ ನೇರವಾದುದು. ಅದರ ಶೀರ್ಷಿಕೆಯಲ್ಲಿಯೇ, ಅಧಿಕಾರಿಗಳೊಡನೆ ಸಹಕರಿಸುವ ಬಾಧಿತರಿಗೆ ಕೊಡುವ ವಾಸಾನುಮತಿ ಎಂಬರ್ಥದ ಮಾತುಗಳಿವೆ. ಬಾಧಿತನಿಗೆ ಮೊದಲು ಯೋಚಿಸಿ ನಿರ್ಧರಿಸಲು ಕೆಲವು ಕಾಲದ ಬಿಡುವು. ಸಹಕರಿಸುವೆನೆಂದರೆ ಕನಿಷ್ಠ ಆರು ತಿಂಗಳ ಅನುಮತಿ. ಮೊಕದ್ದಮೆ ಮುಗಿದರೆ ಅನುಮತಿಯೂ ಮುಗಿಯಬಹುದು. ‘ಎಷ್ಟು ಕಾಲಕ್ಕಾಗಿ’ ಎಂಬ ನಮ್ಮ ನಾಲ್ಕನೆಯ ಪ್ರಶ್ನೆಗೆ ಇಲ್ಲಿ ಮರೆಮಾಚದ ಉತ್ತರವಿದೆ: ರಾಜ್ಯಕ್ಕೆ ಸಾಕ್ಷಿ ಬೇಕಾಗಿರುವಷ್ಟು ಕಾಲ. ‘ತಾತ್ಕಾಲಿಕ’ ಎಂಬ ವಿಶೇಷಣವು ಬಾಧಿತನ ಗಾಯ ಮಾಯುವ ಕಾಲವನ್ನು ಅಳೆಯುತ್ತಿಲ್ಲ, ನ್ಯಾಯಾಲಯದ ದಿನಚರಿಯನ್ನು ಅಳೆಯುತ್ತಿದೆ.

ಇದೇ ಯೂರೋಪಿನಲ್ಲಿ ಬೇರೆ ಮಾದರಿಯೂ ಇದೆ. ಇಟಲಿಯ ೧೯೯೮ರ ವಲಸೆ ಕಾಯಿದೆಯ ಹದಿನೆಂಟನೆಯ ಅನುಚ್ಛೇದವು ಎರಡು ದಾರಿಗಳನ್ನು ತೆರೆಯಿತು. ಒಂದು ನ್ಯಾಯಾಲಯದ ಮೂಲಕ, ಎಂದರೆ ದೂರು ಕೊಟ್ಟು. ಇನ್ನೊಂದು ಸಮಾಜಸೇವೆಯ ಮೂಲಕ, ದೂರು ಕೊಡದೆಯೂ, ಅಪಾಯದಲ್ಲಿರುವ ವ್ಯಕ್ತಿಯೆಂಬ ಕಾರಣದಿಂದಲೇ. ಆರು ತಿಂಗಳ ಅನುಮತಿಯನ್ನು ಮತ್ತೆ ವಿಸ್ತರಿಸಲು ಅವಕಾಶವಿದೆ. ಯೂರೋಪ್ ಮಂಡಳಿಯ ೨೦೦೫ರ ಒಪ್ಪಂದವು ಯೋಚನೆಗೆ ಕನಿಷ್ಠ ಮೂವತ್ತು ದಿನಗಳ ಬಿಡುವನ್ನು ಕಡ್ಡಾಯ ಮಾಡಿತು; ವಾಸಾನುಮತಿಗೆ ವ್ಯಕ್ತಿಯ ಸ್ವಂತ ಪರಿಸ್ಥಿತಿಯನ್ನೂ ಸಹಕಾರವನ್ನೂ ಪ್ರತ್ಯೇಕವಾದ ಎರಡು ಕಾರಣಗಳೆಂದು ಹೇಳಿ, ಆಯ್ಕೆಯನ್ನು ರಾಜ್ಯಗಳಿಗೆ ಬಿಟ್ಟಿತು. ಆದ್ದರಿಂದ ಸಾಕ್ಷ್ಯದ ಷರತ್ತಿಲ್ಲದೆ ನೆಲೆ ಕೊಡುವುದು ಅಸಾಧ್ಯವಾದ ಆದರ್ಶವೆಂದು ಹೇಳುವಂತಿಲ್ಲ. ಅದನ್ನು ಬರೆದಿಟ್ಟ ಶಾಸನವಿದೆ; ಕಾಲು ಶತಮಾನಕ್ಕೂ ಮೀರಿದ ಬಾಳಿಕೆಯೂ ಅದಕ್ಕಿದೆ.

೪

‘ಪರದೇಶಿ’ಯೆಂದರೆ ನಮ್ಮಲ್ಲಿಗೆ ಬಂದವನು ಎಂಬ ಭಾವನೆಯಿಂದಲೇ ನಾವು ಈ ವಿಷಯವನ್ನು ಚರ್ಚಿಸುತ್ತೇವೆ. ಭಾರತೀಯನೇ ಪರದೇಶಿಯಾದ ಪ್ರಸಂಗವೊಂದನ್ನು ಇಲ್ಲಿ ನೆನೆಯುವುದು ಅವಶ್ಯಕ.

೨೦೦೫ರ ಕತ್ರಿನಾ ಚಂಡಮಾರುತದ ತರುವಾಯ ಅಮೆರಿಕದ ದಕ್ಷಿಣ ತೀರದಲ್ಲಿ ಸಿಗ್ನಲ್ ಇಂಟರ್‌ನ್ಯಾಷನಲ್ ಎಂಬ ಹಡಗುಕಟ್ಟೆಯ ಕಂಪೆನಿಯು ಭಾರತದಿಂದ ಸುಮಾರು ೫೦೦ ಮಂದಿ ವೆಲ್ಡಿಂಗ್ ಮತ್ತು ಕೊಳವೆ ಜೋಡಣೆಯ ಕುಶಲಕರ್ಮಿಗಳನ್ನು ಕರೆಸಿಕೊಂಡಿತು. ಅಮೆರಿಕದಲ್ಲಿ ಶಾಶ್ವತ ವಾಸ ದೊರೆಯುವುದೆಂಬ ಆಶ್ವಾಸನೆಯನ್ನು ನಂಬಿ ಅವರು ದಲ್ಲಾಳಿಗಳಿಗೆ ಸಾವಿರಾರು ಡಾಲರುಗಳನ್ನು ತೆತ್ತಿದ್ದರು. ಅದಕ್ಕಾಗಿ ಸಾಲ ಮಾಡಿದ್ದರು, ಮನೆಯ ಚಿನ್ನವನ್ನೂ ನೆಲವನ್ನೂ ಕಳೆದುಕೊಂಡವರಿದ್ದರು. ಅಲ್ಲಿ ದೊರೆತುದು ಆ ಒಬ್ಬ ಮಾಲಿಕನಲ್ಲಿ ಮಾತ್ರ ದುಡಿಯಬಹುದಾದ ತಾತ್ಕಾಲಿಕ ವೀಸಾ. ಮಿಸ್ಸಿಸ್ಸಿಪ್ಪಿಯ ಪ್ಯಾಸ್ಕಗೂಲ ಮತ್ತು ಟೆಕ್ಸಸ್ಸಿನ ಆರೆಂಜ್ ಎಂಬ ಊರುಗಳಲ್ಲಿ, ಕಾವಲಿದ್ದ ಬಿಡಾರಗಳಲ್ಲಿ, ಒಂದೊಂದು ಕೋಣೆಗೆ ಇಪ್ಪತ್ತಕ್ಕೂ ಹೆಚ್ಚು ಮಂದಿಯಂತೆ ಅವರನ್ನು ಇರಿಸಲಾಯಿತು. ಆ ವಾಸಕ್ಕಾಗಿ ತಿಂಗಳಿಗೆ ೧,೦೫೦ ಡಾಲರುಗಳನ್ನು ಅವರ ಕೂಲಿಯಿಂದಲೇ ಮುರಿದುಕೊಳ್ಳಲಾಗುತ್ತಿತ್ತು.

ಬಾಳೆಲೆಯ ಓದುಗನಿಗೆ ಇದರಲ್ಲಿ ಅಪರಿಚಿತವಾದುದು ಊರಿನ ಹೆಸರು ಮಾತ್ರ. ಮುಂಗಡದ ಸಾಲವಿದೆ, ಮೇಸ್ತ್ರಿಯಿದ್ದಾನೆ, ಲೈನ್ ಮನೆಯಿದೆ. ಮಾಲಿಕನನ್ನು ಬಿಟ್ಟರೆ ದೇಶದಲ್ಲಿಯೇ ಇರುವಂತಿಲ್ಲವಾದ್ದರಿಂದ ವೀಸಾವೇ ಜಮ್ಮದ ಪತ್ರವಾಗಿದೆ. ೨೦೦೮ರ ಮಾರ್ಚಿಯಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟು ಹೊರಬಂದು ದಾವೆ ಹೂಡಿದರು. ೨೦೧೫ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸಿನ ಜ್ಯೂರಿಯು ಐವರು ಭಾರತೀಯರಿಗೆ ಒಟ್ಟು ೧೪೦ ಲಕ್ಷ ಡಾಲರುಗಳಷ್ಟು ಪರಿಹಾರವನ್ನು ವಿಧಿಸಿತು. ಈ ನಡುವೆ ಅವರಲ್ಲಿ ಅನೇಕರಿಗೆ ಟಿ ವೀಸಾ ದೊರೆತಿತ್ತು.

ಈ ಪ್ರಸಂಗದಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಒಂದು, ವಾಸಾನುಮತಿಯು ನಿಜವಾಗಿಯೂ ರಕ್ಷಣೆ ಕೊಡಬಲ್ಲುದು. ಇದನ್ನು ಅಲ್ಲಗಳೆಯುವ ವಿಮರ್ಶೆಯು ಪಕ್ಷಪಾತದ್ದಾಗುತ್ತದೆ. ಎರಡು, ಏಳು ವರ್ಷ ನಡೆಯುವ ದಾವೆಯನ್ನು ನೆಲೆಯಿಲ್ಲದವನು ನಡೆಸಲಾರನು. ನುಡಿಯುವುದಕ್ಕೆ ಮೊದಲು ನಿಲ್ಲಬೇಕು. ಹೀಗಿರುವಾಗ, ಮೊದಲು ನುಡಿ, ಅನಂತರ ನಿಲ್ಲಲು ಜಾಗ ಕೊಡೋಣ ಎನ್ನುವ ಶಾಸನವು ಕ್ರಮವನ್ನು ತಲೆಕೆಳಗು ಮಾಡಿದೆ ಎನ್ನದೆ ವಿಧಿಯಿಲ್ಲ.

೫

ನಮ್ಮ ದೇಶದಲ್ಲಿ ಇಂತಹ ವಿಶೇಷ ವೀಸಾ ಇಲ್ಲ. ಇಲ್ಲದಿರುವುದನ್ನು ವಿಮರ್ಶಿಸುವುದು ಹೇಗೆ ಎಂದು ಕೇಳಬಹುದು. ಇರುವ ಶಾಸನಗಳ ನಡುವಣ ಬಿರುಕನ್ನು ಓದುವುದೇ ಅದರ ವಿಮರ್ಶೆ.

ಸಂವಿಧಾನದ ಇಪ್ಪತ್ತಮೂರನೆಯ ಅನುಚ್ಛೇದವು ಮನುಷ್ಯರ ವ್ಯಾಪಾರವನ್ನೂ ಬಿಟ್ಟಿ ಬೇಗಾರಿಯನ್ನೂ ನಿಷೇಧಿಸುತ್ತದೆ. ಇಲ್ಲಿ ‘ನಾಗರಿಕ’ ಎಂಬ ಮಾತಿಲ್ಲ. ಮನುಷ್ಯನಾದವನಿಗೆಲ್ಲ ಇದು ರಕ್ಷೆ. ಆದರೆ ಭಾರತದ ಯಾವ ಭಾಗದಲ್ಲಾದರೂ ವಾಸಿಸುವ ಹಕ್ಕನ್ನು ಕೊಡುವ ಹತ್ತೊಂಬತ್ತನೆಯ ಅನುಚ್ಛೇದವು ನಾಗರಿಕರಿಗೆ ಮಾತ್ರ ಸಲ್ಲುತ್ತದೆ. ಹೊರದೇಶದಿಂದ ಮಾರಿಬಂದ ಹೆಂಗಸು ಈ ಎರಡು ಅನುಚ್ಛೇದಗಳ ನಡುವೆ ನಿಂತಿದ್ದಾಳೆ. ಅವಳನ್ನು ಮಾರಬಾರದು, ಅವಳು ಇಲ್ಲಿ ಇರಲೂ ಬಾರದು.

ಕೇಂದ್ರ ಗೃಹಸಚಿವಾಲಯವು ಈ ಬಿರುಕನ್ನು ಕಂಡಿತ್ತು. ಸಾಗಣೆಗೆ ಒಳಗಾದ ವಿದೇಶೀಯ ಹೆಂಗಸು ಇಲ್ಲವೆ ಮಗುವಿನ ಮೇಲೆ ವಿದೇಶೀಯರ ಕಾಯಿದೆಯಂತೆ ಮೊಕದ್ದಮೆ ಹೂಡಬಾರದೆಂದು ೨೦೧೨ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸಲಹಾಪತ್ರವನ್ನು ಕಳುಹಿಸಿತು. ಶ್ಲಾಘ್ಯವಾದ ಕ್ರಮವೇ ಸರಿ. ಆದರೆ ಇದು ಕಾಯಿದೆಯಲ್ಲ, ಸಲಹೆ. ಇದು ಶಿಕ್ಷೆಯಿಂದ ಬಿಡಿಸುತ್ತದೆ, ನೆಲೆಯನ್ನು ಕೊಡುವುದಿಲ್ಲ. ಇಟ್ಟಿಗೆಗೂಡಿನಲ್ಲಿಯೋ ತೋಟದಲ್ಲಿಯೋ ಸಾಲಕ್ಕೆ ಸಿಕ್ಕಿ ದುಡಿಯುವ ವಯಸ್ಕ ಗಂಡಸು ಇದರ ಮಾತುಗಳೊಳಗೆ ಬರುವುದೇ ಇಲ್ಲ. ೧೯೪೬ರ ವಿದೇಶೀಯರ ಕಾಯಿದೆಯ ಸ್ಥಾನದಲ್ಲಿ ೨೦೨೫ರ ಹೊಸ ವಲಸೆ ಮತ್ತು ವಿದೇಶೀಯರ ಕಾಯಿದೆ ಬಂದಿದೆ. ಅದರಲ್ಲಿಯೂ ಇಂತಹವರಿಗೆಂದು ವಾಸಾನುಮತಿಯನ್ನು ಹೇಳಿಲ್ಲ. ೨೦೦೨ರ ಸಾರ್ಕ್ ಒಪ್ಪಂದವೂ ೨೦೧೫ರ ಭಾರತ–ಬಾಂಗ್ಲಾದೇಶ ತಿಳುವಳಿಕೆಪತ್ರವೂ ಹಿಂದಿರುಗಿಸುವ ಕ್ರಮವನ್ನು ಮುಖ್ಯವಾಗಿ ಹೇಳುತ್ತವೆ. ಹಿಂದಿರುಗಲು ಊರಿನಲ್ಲಿ ಗುರುತು ಪತ್ತೆಯಾಗಬೇಕು. ಅಲ್ಲಿಯವರೆಗೆ ಬಾಧಿತೆಗೆ ಆಶ್ರಯಗೃಹವೇ ಗತಿ. ಸೂರು ಇದೆ, ಊಟ ಇದೆ; ಆದರೆ ಹೊರಗೆ ಹೋಗಿ ದುಡಿಯುವ ಸ್ವಾತಂತ್ರ್ಯವಿಲ್ಲ. ಇನ್ನೊಬ್ಬರ ಕೈಯಲ್ಲಿ ಬೀಗದ ಕೈಯಿರುವ ಮನೆಯನ್ನು ನೆಲೆಯೆನ್ನಬಹುದೆ?

ಕರ್ನಾಟಕದ ನೆನಪಿನಲ್ಲಿ ಇನ್ನೂ ಹಸಿಯಾಗಿರುವ ಪ್ರಸಂಗವೊಂದಿದೆ. ೨೦೨೧ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಾಂಗ್ಲಾದೇಶದ ಯುವತಿಯೊಬ್ಬಳ ಮೇಲೆ ನಡೆದ ಘೋರ ಅತ್ಯಾಚಾರದ ಚಿತ್ರಣವು ಹರಡಿ ಎರಡು ದೇಶಗಳನ್ನೂ ಕಲಕಿತು. ಅವಳನ್ನು ಕೇರಳದಲ್ಲಿ ಪತ್ತೆಹಚ್ಚಿ ಬೆಂಗಳೂರಿಗೆ ಕರೆತರಲಾಯಿತು. ಪೋಲೀಸರು ತ್ವರಿತವಾಗಿ ತನಿಖೆ ಮಾಡಿದರು; ಒಂದು ವರ್ಷದೊಳಗೆ, ೨೦೨೨ರ ಮೇ ತಿಂಗಳಲ್ಲಿ, ವಿಶೇಷ ನ್ಯಾಯಾಲಯವು ಏಳು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆರೋಪಿಗಳಲ್ಲಿಯೂ ಬಹುಮಂದಿ ಬಾಂಗ್ಲಾದೇಶದವರೇ, ಅವರಲ್ಲಿ ಕೆಲವರಿಗೆ ವಿದೇಶೀಯರ ಕಾಯಿದೆಯಂತೆಯೂ ಶಿಕ್ಷೆಯಾಯಿತು. ನಮ್ಮ ನ್ಯಾಯಾಡಳಿತವು ಮನಸ್ಸು ಮಾಡಿದರೆ ಎಷ್ಟು ಬೇಗ ನಡೆಯಬಲ್ಲುದು ಎಂಬುದಕ್ಕೆ ಇದು ನಿದರ್ಶನ. ಆದರೆ ಗಮನಿಸಬೇಕಾದ ಅಂಶ ಇನ್ನೊಂದಿದೆ. ಅವರನ್ನು ಶಿಕ್ಷಿಸಿದ ಆ ಕಾಯಿದೆಯ ಅಲಗು ಅವಳ ಕಡೆಗೂ ಚಾಚಿತ್ತು. ಅವಳನ್ನು ತಟ್ಟದಂತೆ ತಡೆಯಬಲ್ಲುದಾಗಿದ್ದುದು ಒಂದು ಸಲಹಾಪತ್ರ ಮಾತ್ರ. ದೇಶವೇ ನೋಡುತ್ತಿದ್ದ ಪ್ರಕರಣಕ್ಕೆ ಅದು ಸಾಕಾಗಬಹುದು. ಯಾರೂ ನೋಡದ ಪ್ರಕರಣಕ್ಕೆ ಸಾಕಾಗುವುದೆಂದು ನಂಬಲು ಆಧಾರವಿಲ್ಲ.

ಕೊಡಗಿನ ತೋಟಗಳಲ್ಲಿಯೇ ಇದನ್ನು ನೋಡಬಹುದು. ಈಗ ಕಾಫಿಯ ಕೊಯ್ಲಿಗೆ ಅಸ್ಸಾಂ, ಬಂಗಾಳ ಮೊದಲಾದ ಕಡೆಗಳಿಂದ ಜನರು ಬರುತ್ತಾರೆ. ಬಹುಮಂದಿ ಭಾರತದ ನಾಗರಿಕರೇ. ಆದರೂ ಬಂಗಾಳಿ ನುಡಿಯಾಡುವವನ ಮೇಲೆ ಸಂಶಯದ ದೃಷ್ಟಿ ಬೀಳುತ್ತದೆ. ೨೦೨೦ರ ಜನವರಿಯಲ್ಲಿ ಜಿಲ್ಲೆಯ ಪೋಲೀಸರು ಇಂತಹ ಕೆಲಸಗಾರರನ್ನು ಕರೆಸಿ ಅವರ ದಾಖಲೆಗಳನ್ನು ಪರಿಶೀಲಿಸಿದರು. ರಾಜ್ಯಕ್ಕೆ ತನ್ನ ಗಡಿಯ ಚಿಂತೆ ಸಹಜ, ಅದನ್ನು ತಪ್ಪೆನ್ನಲಾಗದು. ಆದರೆ ದಾಖಲೆಯ ಪರಿಶೀಲನೆಯು ಕೇಳುವ ಪ್ರಶ್ನೆ ಒಂದೇ: ನೀನಾರು? ನಿನ್ನನ್ನು ಕರೆತಂದವರಾರು, ನಿನ್ನ ಮೇಲಿರುವ ಸಾಲವೆಷ್ಟು, ಕೂಲಿ ಯಾರ ಕೈಸೇರುತ್ತದೆ, ಬಿಟ್ಟುಹೋಗಬೇಕೆಂದರೆ ಹೋಗಬಲ್ಲೆಯಾ ಎಂಬ ಪ್ರಶ್ನೆಗಳಿಗೆ ಆ ನಮೂನೆಯಲ್ಲಿ ಜಾಗವಿಲ್ಲ. ಜಾಗವಿದ್ದರೂ, ನಿಜವನ್ನು ನುಡಿದರೆ ಗಡಿಯಾಚೆ ಹೋಗಬೇಕಾದೀತೆಂಬ ಭಯವಿರುವವನು ನುಡಿಯುವುದಿಲ್ಲ. ಅವನ ಮೌನದಿಂದ ಲಾಭ ಪಡೆಯುವವನು ಅವನನ್ನು ತಂದವನೇ.

೬

ಇಲ್ಲಿಯವರೆಗೆ ವಿದೇಶೀಯನ ಮಾತಾಯಿತು. ಆದರೆ ಸಾಕ್ಷ್ಯಕ್ಕೆ ರಕ್ಷಣೆಯನ್ನು ಕಟ್ಟಿಹಾಕುವ ದೋಷವು ವಿದೇಶೀಯರ ವಿಷಯದಲ್ಲಿ ಮಾತ್ರ ಇದೆಯೆಂದು ತಿಳಿದರೆ ತಪ್ಪಾಗುತ್ತದೆ. ನಮ್ಮ ಜೀತವಿಮುಕ್ತಿಯ ಕ್ರಮದಲ್ಲಿಯೂ ಅದರ ನೆರಳಿದೆ.

೧೯೭೫ರ ಅಕ್ಟೋಬರಿನ ಸುಗ್ರೀವಾಜ್ಞೆಯಿಂದಲೂ ೧೯೭೬ರ ಕಾಯಿದೆಯಿಂದಲೂ ಜೀತಪದ್ಧತಿ ರದ್ದಾಯಿತು. ಜೀತದಿಂದ ಬಿಡಿಸಲ್ಪಟ್ಟವನಿಗೆ ಅಧಿಕಾರಿಗಳು ಬಿಡುಗಡೆ ಪತ್ರವನ್ನು ಕೊಡುತ್ತಾರೆ. ಪುನರ್ವಸತಿಗೆ ಅದೇ ಆಧಾರ. ಬಿಡಿಸಿ ಕೈಬಿಟ್ಟರೆ ಬಡತನವು ಅವನನ್ನು ಮತ್ತೆ ಜೀತಕ್ಕೆ ದೂಡುವುದರಿಂದ ಪುನರ್ವಸತಿಯು ಬಿಡುಗಡೆಯ ಅವಿಭಾಜ್ಯ ಅಂಗವೆಂದು ಸುಪ್ರೀಂ ಕೋರ್ಟು ೧೯೮೪ರಲ್ಲಿ ನೀರಜಾ ಚೌಧರಿ ಪ್ರಕರಣದಲ್ಲಿ ಹೇಳಿತು. ೨೦೧೬ರ ಕೇಂದ್ರ ಯೋಜನೆಯು ಪರಿಹಾರದ ಮೊತ್ತವನ್ನು ಒಂದರಿಂದ ಮೂರು ಲಕ್ಷ ರೂಪಾಯಿಗಳವರೆಗೆ ಏರಿಸಿತು. ಆದರೆ ತತ್‌ಕ್ಷಣದ ನೆರವೆಂದು ಕೊಡುವ ೨೦,೦೦೦ ರೂಪಾಯಿಗಳನ್ನು (ಮುಂದೆ ಇದು ೩೦,೦೦೦ಕ್ಕೆ ಏರಿತು) ಬಿಟ್ಟು ಉಳಿದ ಹಣವನ್ನು ಆರೋಪಿಗೆ ಶಿಕ್ಷೆಯಾಗುವುದರೊಡನೆ ಜೋಡಿಸಿತು. ಧಣಿಗೆ ಶಿಕ್ಷೆಯಾದರೆ ಆಳಿಗೆ ಹಣ. ಧಣಿಗೆ ಶಿಕ್ಷೆಯಾಗುವುದು ಆಳಿನ ಕೈಯಲ್ಲಿದೆಯೆ? ತನಿಖೆಯ ದೋಷ, ವಾದದ ದೌರ್ಬಲ್ಯ, ಕಾಲವಿಳಂಬ ಇವೆಲ್ಲವುಗಳ ದಂಡವನ್ನು ಅನ್ಯಾಯಕ್ಕೊಳಗಾದವನೇ ತೆರಬೇಕಾಗುತ್ತದೆ.

ಅಮೆರಿಕದ ವೀಸಾ, ಯೂರೋಪಿನ ನಿರ್ದೇಶ, ಭಾರತದ ಯೋಜನೆ ಈ ಮೂರಕ್ಕೂ ಭಾಷೆ ಬೇರೆ, ದೇಶ ಬೇರೆ. ಆದರೆ ಇವುಗಳೊಳಗಿನ ನ್ಯಾಯವು ಬಹುಮಟ್ಟಿಗೆ ಒಂದೇ. ನೊಂದವನು ನೊಂದವನಾದ್ದರಿ೦ದ ಪಡೆಯುವುದು ಅಲ್ಪ. ರಾಜ್ಯದ ಮೊಕದ್ದಮೆಗೆ ಉಪಯುಕ್ತನಾದ್ದರಿಂದ ಪಡೆಯುವುದು ಅಧಿಕ. ತೋಟದ ಧಣಿಯು ದುಡಿಮೆಗೆ ಸೂರನ್ನು ಕೊಡುತ್ತಿದ್ದನು. ರಾಜ್ಯವು ಸಾಕ್ಷ್ಯಕ್ಕೆ ಸೂರನ್ನು ಕೊಡುತ್ತದೆ. ರಾಜ್ಯದ ಉದ್ದೇಶ ಉನ್ನತವಾದುದು, ಧಣಿಯದು ಸ್ವಾರ್ಥದ್ದು ಎಂಬ ಭೇದವನ್ನು ಒಪ್ಪಲೇಬೇಕು. ಆದರೆ ಎರಡು ಕಡೆಯೂ ನೆಲೆಯು ಸೇವೆಗೆ ಪ್ರತಿಫಲವಾಗಿಯೇ ಉಳಿದಿದೆ.

೭

ಈ ವಾದಕ್ಕೆ ಬರಬಹುದಾದ ಆಕ್ಷೇಪಗಳು ಮುಖ್ಯವಾಗಿ ಎರಡು. ಸಾಕ್ಷ್ಯದ ಷರತ್ತನ್ನು ತೆಗೆದರೆ ಯಾರೂ ಸಾಕ್ಷಿ ನುಡಿಯುವುದಿಲ್ಲ, ಅಪರಾಧಿಗಳು ಪಾರಾಗುತ್ತಾರೆ ಎಂಬುದು ಮೊದಲನೆಯದು. ಇದು ಮೇಲ್ನೋಟಕ್ಕೆ ಬಲವಾಗಿ ಕಾಣುತ್ತದೆ. ಆದರೆ ನೆಲೆಗಾಗಿ ನುಡಿದ ಸಾಕ್ಷ್ಯವನ್ನು ಪ್ರತಿವಾದಿಯ ವಕೀಲನು ಮೊದಲ ಪಾಟೀಸವಾಲಿನಲ್ಲಿಯೇ ಹಿಡಿಯುತ್ತಾನೆ: ವೀಸಾ ಸಿಗಲೆಂದು ಹೀಗೆ ಹೇಳುತ್ತಿರುವೆಯಲ್ಲವೆ? ಎಂದು. ಮೊದಲೇ ನೆಲೆ ಪಡೆದವನಿಗೆ ಈ ಪ್ರಶ್ನೆ ತಾಗುವುದಿಲ್ಲ. ಹಾಗಾಗಿ ನೆಲೆಯನ್ನು ಸಾಕ್ಷ್ಯದಿಂದ ಬೇರ್ಪಡಿಸುವುದು ಸಾಕ್ಷ್ಯಕ್ಕೂ ಹಿತವೇ. ಭಯ ಹೋದವನು ತಾನಾಗಿಯೇ ನುಡಿಯುವ ಸಂಭವವೂ ಹೆಚ್ಚು.

ಸುಳ್ಳು ಹೇಳಿ ಅನುಮತಿ ಪಡೆಯುವವರು ಹೆಚ್ಚುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಕೆಲವರು ಹಾಗೆ ಮಾಡಬಹುದು. ಮನುಷ್ಯಸ್ವಭಾವವನ್ನು ಬಲ್ಲವರು ಇದನ್ನು ನಿರಾಕರಿಸಲಾರರು. ಆದರೆ ಅದಕ್ಕೆ ಉಪಾಯವು ಸಂಗತಿಯ ಪರೀಕ್ಷೆ: ಸಾಲದ ಲೆಕ್ಕ, ಕೂಲಿಯ ಪುಸ್ತಕ, ವಾಸದ ಸ್ಥಿತಿ, ಕರೆತಂದವರ ಜಾಡು. ಜೀತವನ್ನು ಗುರುತಿಸಲು ನಮ್ಮ ಅಧಿಕಾರಿಗಳು ಇವುಗಳನ್ನೇ ನೋಡಬೇಕೆಂದು ಕಾಯಿದೆಯೂ ನ್ಯಾಯಾಲಯಗಳೂ ಹೇಳಿವೆ. ಕನಿಷ್ಠ ಕೂಲಿಗಿಂತ ಕಡಮೆಗೆ ದುಡಿಸುವುದೂ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ೧೯೮೨ರ ಏಷಿಯಾಡ್ ಪ್ರಕರಣದಲ್ಲಿ ನಿರ್ಣಯಿಸಿತು. ಪರೀಕ್ಷೆಯ ಸಾಮಗ್ರಿ ನಮ್ಮಲ್ಲಿದೆ. ಅದನ್ನು ವಿದೇಶೀಯನಿಗೂ ಬಳಸುವುದಷ್ಟೇ ಉಳಿದಿದೆ.

ಹಾಗಾದರೆ ಶಾಸನ ಹೇಗಿರಬೇಕು? ಅದರಲ್ಲಿ ಎರಡು ವಾಕ್ಯಗಳು ಬೇರೆಬೇರೆಯಾಗಿರಬೇಕು. ಮೊದಲನೆಯ ವಾಕ್ಯದಲ್ಲಿ, ಗಂಡಾಗಲಿ ಹೆಣ್ಣಾಗಲಿ ಮಗುವಾಗಲಿ ಮಾರಾಟಕ್ಕೆ, ಮೋಸಕ್ಕೆ, ಸಾಲದ ದುಡಿಮೆಗೆ ಒಳಗಾದವರಿಗೆ, ಆ ಕಾರಣದಿಂದಲೇ, ಗಾಯ ಮಾಯುವಷ್ಟು ಕಾಲದ ವಾಸವೂ ಇಷ್ಟವಾದೆಡೆ ದುಡಿಯುವ ಹಕ್ಕೂ ದೊರೆಯಬೇಕು. ಎರಡನೆಯ ವಾಕ್ಯದಲ್ಲಿ, ಸಾಕ್ಷಿ ನುಡಿಯಲು ಒಪ್ಪಿದವರಿಗೆ ಬೇಕಾದ ರಕ್ಷಣೆಯನ್ನೂ ಹೆಚ್ಚಿನ ಕಾಲವನ್ನೂ ಹೇಳಬೇಕು. ಎರಡನೆಯದು ಮೊದಲನೆಯದಕ್ಕೆ ಷರತ್ತಾಗಕೂಡದು. ೨೦೧೮ರಲ್ಲಿ ಲೋಕಸಭೆ ಅಂಗೀಕರಿಸಿ ೨೦೧೯ರಲ್ಲಿ ಬಿದ್ದುಹೋದ ಕಳ್ಳಸಾಗಣೆಯ ಮಸೂದೆಯನ್ನು ಎಂದಾದರೂ ಹೊಸದಾಗಿ ಬರೆಯುವವರು ಈ ಎರಡು ವಾಕ್ಯಗಳ ಕ್ರಮವನ್ನು ಯೋಚಿಸಬೇಕೆಂದು ವಿನಂತಿ.

ನಮ್ಮ ಹಳೆಯ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ದಾನವೊಂದುಂಟು. ಕಾಳಗದಲ್ಲಿ ಮಡಿದವನ ಮನೆಯವರಿಗೆ ಕೊಟ್ಟ ನೆಲ ಅದು. ಆ ಕಾಲದ ಅರಸರನ್ನು ಆದರ್ಶವೆಂದು ಎತ್ತಿಹಿಡಿಯುವುದು ಇಲ್ಲಿಯ ಅಭಿಪ್ರಾಯವಲ್ಲ. ಮಡಿದವನು ಅರಸನ ಸೇವೆಯಲ್ಲಿಯೇ ಮಡಿದವನು. ಆದರೂ ಆ ಬರಹದ ಕ್ರಮ ಗಮನಾರ್ಹ. ನೆಲವನ್ನು ಪಡೆಯಲು ಉಳಿದವರು ಇನ್ನಾವ ಸೇವೆಯನ್ನೂ ಸಲ್ಲಿಸಬೇಕಾಗಿರಲಿಲ್ಲ. ಆಗಿಹೋದ ನಷ್ಟವೇ ದಾನಕ್ಕೆ ಕಾರಣ. ಯಾವ ಕಾರಣಕ್ಕಾಗಿ ಎಂಬ ಪ್ರಶ್ನೆಗೆ ಕಲ್ಲಿನ ಮೇಲೆ ಅಂತಹ ಉತ್ತರವನ್ನು ಕೆತ್ತಬಲ್ಲವರಾಗಿದ್ದ ನಾಡಿನವರು ನಾವು. ಲೈನ್ ಮನೆಯಿಂದ ಹೊರಬಿದ್ದ ಎರವನಿಗೂ, ಗಡಿಯಾಚೆಯಿಂದ ಮಾರಿಬಂದ ಹೆಂಗಸಿಗೂ ಅದೇ ಉತ್ತರವನ್ನು ಕಾಗದದ ಮೇಲೆ ಬರೆಯುವುದು ಕಷ್ಟವಾಗಬಾರದು. ಅಂತಹ ಶಾಸನವು ಬಂದ ದಿನ ‘ಪರದೇಶಿ’ ಎಂಬ ಮಾತಿನ ಎರಡು ಅರ್ಥಗಳಲ್ಲಿ ಒಂದಾದರೂ ಬಳಕೆಯಿಂದ ಬಿಟ್ಟುಹೋದೀತು.